ಸಂಶೋಧನೆಗೆ ಇಳಿದ ಮೇಲೂ ಶಾಲೆ: ಯುವ ನ್ಯೂಕ್ಲಿಯರ್ ಭೌತವಿಜ್ಞಾನಿಗಳು ವರ್ಷಕ್ಕೊಮ್ಮೆ ಒಂದೆಡೆ ಸೇರುವುದೇಕೆ?

2023ರಲ್ಲಿ ಜಪಾನಿನ ರಿಕೆನ್ ಸಂಶೋಧನಾ ಸಂಸ್ಥೆಯಿಂದ ಒಂದು ಸುದ್ದಿ ಬಂತು. ನಾವು ಉಸಿರಾಡುವ ಆಮ್ಲಜನಕದ ಪರಮಾಣುವಿನ ಒಡಲಲ್ಲಿ ಸಾಮಾನ್ಯವಾಗಿ 8 ಪ್ರೋಟಾನ್, 8 ನ್ಯೂಟ್ರಾನ್ ಇರುತ್ತವೆ. ಅಲ್ಲಿ ಕೆಲಸ ಮಾಡುತ್ತಿದ್ದ ಅಂತರರಾಷ್ಟ್ರೀಯ ತಂಡ 8 ಪ್ರೋಟಾನ್ ಜೊತೆ 20 ನ್ಯೂಟ್ರಾನ್ ಇರುವ ಆಕ್ಸಿಜನ್-28ನ್ನು ಮೊದಲ ಸಲ ಪತ್ತೆಹಚ್ಚಿತ್ತು. ಸ್ನಾತಕೋತ್ತರ ತರಗತಿಯ ಪಠ್ಯಪುಸ್ತಕ ಓದಿದವರಿಗೆ ಅದು ಗಟ್ಟಿಮುಟ್ಟಾದ ನ್ಯೂಕ್ಲಿಯಸ್ ಆಗಬೇಕು ಅನಿಸುತ್ತದೆ. ಆದರೆ ಅದು ಹುಟ್ಟಿದ ಕ್ಷಣವೇ ನಾಲ್ಕು ನ್ಯೂಟ್ರಾನ್ ಕಳೆದುಕೊಂಡು ಆಕ್ಸಿಜನ್-24 ಆಗಿಬಿಟ್ಟಿತು.

ಪಠ್ಯಪುಸ್ತಕ ಹೇಳುವುದಕ್ಕೂ ಪ್ರಯೋಗಾಲಯ ತೋರಿಸುವುದಕ್ಕೂ ನಡುವಿನ ಈ ಅಂತರವನ್ನು ಈಗಷ್ಟೇ ಪಿಎಚ್‌ಡಿಗೆ ಸೇರಿದ ಹುಡುಗ ಅಥವಾ ಹುಡುಗಿ ದಾಟುವುದು ಹೇಗೆ? ಪುಸ್ತಕಗಳು ಹಳತಾಗಿರುತ್ತವೆ. ಹೊಸ ಪ್ರಬಂಧಗಳು ಆ ವಿಷಯದಲ್ಲಿ ಪಳಗಿದವರಿಗಾಗಿ ಬರೆದವು. ಮಾರ್ಗದರ್ಶಕರಿಗೆ ತಮ್ಮ ಕ್ಷೇತ್ರವಷ್ಟೇ ಆಳವಾಗಿ ಗೊತ್ತಿರುತ್ತದೆ. ಈ ಕೊರತೆ ತುಂಬಲೆಂದೇ ಜಗತ್ತಿನ ಹಲವೆಡೆ ಯುವ ಸಂಶೋಧಕರಿಗಾಗಿ ಉನ್ನತ ತರಬೇತಿ ಶಾಲೆಗಳು ವರ್ಷ ವರ್ಷವೂ ನಡೆಯುತ್ತವೆ. ಒಂದು ವಾರದಿಂದ ಮೂರು ವಾರದವರೆಗಿನ ಈ ಶಾಲೆಗಳಲ್ಲಿ ಪದವಿ ಸಿಗುವುದಿಲ್ಲ. ಹಾಗಿದ್ದೂ ಈ ಕ್ಷೇತ್ರ ಪೀಳಿಗೆಯಿಂದ ಪೀಳಿಗೆಗೆ ಮುಂದುವರಿಯುವುದರಲ್ಲಿ ಇವುಗಳ ಪಾಲು ದೊಡ್ಡದು. ಅದು ಯಾಕೆ ಎಂದು ತಿಳಿಯಬೇಕಾದರೆ ನ್ಯೂಕ್ಲಿಯಸ್‌ನಿಂದಲೇ ಶುರುಮಾಡಬೇಕು.

ನ್ಯೂಕ್ಲಿಯಸ್ ಬಗ್ಗೆ ನಾಲ್ಕು ಮಾತು

ಪ್ರತಿ ಪರಮಾಣುವಿನ ನಟ್ಟನಡುವೆ ಒಂದು ನ್ಯೂಕ್ಲಿಯಸ್ ಇರುತ್ತದೆ. ಅದರ ಅಗಲ ಪರಮಾಣುವಿನ ಅಗಲದ ಹತ್ತು ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಆದರೆ ಪರಮಾಣುವಿನ ತೂಕದಲ್ಲಿ ಶೇಕಡಾ 99.9ಕ್ಕೂ ಹೆಚ್ಚು ಭಾಗ ಅದರದೇ. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ತೂಕ ತುಂಬಿರುವುದರಿಂದ ಸಾಂದ್ರತೆ ಊಹೆಗೆ ನಿಲುಕದಷ್ಟಾಗುತ್ತದೆ. ಬರೀ ನ್ಯೂಕ್ಲಿಯಸ್ ದ್ರವ್ಯವನ್ನೇ ಒಂದು ಘನ ಸೆಂಟಿಮೀಟರ್ ಜಾಗದಲ್ಲಿ ತುಂಬಿದರೆ ಅದರ ತೂಕ ಸುಮಾರು 23 ಕೋಟಿ ಟನ್.

ನ್ಯೂಕ್ಲಿಯಸ್ ಒಳಗಿರುವುದು ಎರಡೇ ಬಗೆಯ ಕಣಗಳು: ಪ್ರೋಟಾನ್ ಮತ್ತು ನ್ಯೂಟ್ರಾನ್. ಎಷ್ಟು ಪ್ರೋಟಾನ್ ಎಂಬುದರ ಮೇಲೆ ಅದು ಯಾವ ಧಾತು ಎಂಬುದು ತೀರ್ಮಾನವಾಗುತ್ತದೆ. 8 ಇದ್ದರೆ ಆಮ್ಲಜನಕ, 26 ಇದ್ದರೆ ಕಬ್ಬಿಣ, 79 ಇದ್ದರೆ ಚಿನ್ನ. ನ್ಯೂಟ್ರಾನ್‌ಗಳ ಸಂಖ್ಯೆ ಮಾತ್ರ ಹೆಚ್ಚುಕಡಿಮೆ ಆಗಬಹುದು. ಹಾಗೆ ಬೇರೆಯಾದ ರೂಪಗಳೇ ಐಸೊಟೋಪ್‌ಗಳು. ಹೆಸರಿನ ಮುಂದಿನ ಅಂಕಿ ಎರಡೂ ಬಗೆಯ ಕಣಗಳ ಒಟ್ಟು ಲೆಕ್ಕ.

ಎಂದೂ ಕೆಡದೆ ಉಳಿಯುವ ನ್ಯೂಕ್ಲಿಯಸ್‌ಗಳು ಸುಮಾರು 250 ಮಾತ್ರ. ಈವರೆಗೆ ಪ್ರಯೋಗಗಳಲ್ಲಿ ಕಂಡವು 3,000ಕ್ಕೂ ಹೆಚ್ಚು. ಸಿದ್ಧಾಂತದ ಲೆಕ್ಕ ಹೇಳುವಂತೆ ಇರಬಹುದಾದವು ಸುಮಾರು 7,000. ಎಂದರೆ ಅರ್ಧಕ್ಕಿಂತ ಹೆಚ್ಚನ್ನು ಇನ್ನೂ ಯಾರೂ ನೋಡಿಲ್ಲ. ಇವತ್ತು ಈ ಕ್ಷೇತ್ರಕ್ಕೆ ಬರುವ ಯುವಕರ ಕೆಲಸದ ದೊಡ್ಡ ಪಾಲು ಈ ಕಾಣದ ಕಡೆಗೇ ಇದೆ.

ನ್ಯೂಕ್ಲಿಯಸ್ ಒಳಗೆ ಕಣಗಳು ಶಕ್ತಿಯ ಮಟ್ಟಗಳಲ್ಲಿ ನೆಲೆಸುತ್ತವೆ. ಸಭಾಂಗಣದಲ್ಲಿ ಜನ ಮುಂದಿನ ಸಾಲಿನಿಂದ ಕೂರುತ್ತಾ ಬಂದಂತೆ ಅವು ಕೆಳಗಿನ ಮಟ್ಟದಿಂದ ತುಂಬುತ್ತಾ ಬರುತ್ತವೆ. ಒಂದು ಸಾಲು ಪೂರ್ತಿ ತುಂಬಿ, ಮುಂದಿನ ಸಾಲು ತುಸು ದೂರದಲ್ಲಿದ್ದರೆ ಆ ನ್ಯೂಕ್ಲಿಯಸ್ ಅಲುಗಾಡಿಸಲಾಗದಷ್ಟು ಭದ್ರ. ಹಾಗೆ ಸಾಲು ತುಂಬುವ ಸಂಖ್ಯೆಗಳು 2, 8, 20, 28, 50, 82, 126. ಇವನ್ನು ಮಾಂತ್ರಿಕ ಸಂಖ್ಯೆಗಳು ಎನ್ನುತ್ತಾರೆ. ಇವು ಹೇಗೆ ಬರುತ್ತವೆ ಎಂಬುದನ್ನು 1949ರಲ್ಲಿ ಅಮೆರಿಕದಲ್ಲಿ ಮರಿಯಾ ಗೆಪರ್ಟ್ ಮೇಯರ್, ಜರ್ಮನಿಯಲ್ಲಿ ಹಾನ್ಸ್ ಯೆನ್ಸನ್ ಮತ್ತು ಅವರ ಸಂಗಡಿಗರು ಬೇರೆಬೇರೆಯಾಗಿ ವಿವರಿಸಿದರು. 1963ರ ನೊಬೆಲ್ ಬಹುಮಾನದಲ್ಲಿ ಮೇಯರ್ ಮತ್ತು ಯೆನ್ಸನ್ ಇಬ್ಬರಿಗೂ ಪಾಲು ಸಿಕ್ಕಿತು.

ಆಕ್ಸಿಜನ್-28ರಲ್ಲಿ 8 ಕೂಡ ಮಾಂತ್ರಿಕ, 20 ಕೂಡ ಮಾಂತ್ರಿಕ. ಅದು ಭದ್ರವಾಗಿರಬೇಕು ಎಂದು ಪಠ್ಯಪುಸ್ತಕ ಓದಿದವರಿಗೆ ಅನಿಸುವುದು ಇದೇ ಕಾರಣಕ್ಕೆ.

ಎಲ್ಲವನ್ನೂ ಹೇಳುವ ಒಂದೇ ಸೂತ್ರವಿಲ್ಲ

ಮಾಂತ್ರಿಕ ಸಂಖ್ಯೆಗಳು ಎಲ್ಲ ಕಡೆಗೂ ಒಂದೇ ಅಲ್ಲ ಎಂಬ ಸುಳಿವು 1975ರಲ್ಲೇ ಸಿಕ್ಕಿತ್ತು. ಜಿನೀವಾ ಬಳಿಯ ಯುರೋಪಿನ ಸಂಶೋಧನಾ ಕೇಂದ್ರ ಸೆರ್ನ್‌ನಲ್ಲಿ ಫ್ರೆಂಚ್ ತಂಡವೊಂದು ನ್ಯೂಟ್ರಾನ್ ಹೆಚ್ಚಿರುವ ಸೋಡಿಯಂ ಐಸೊಟೋಪ್‌ಗಳ ತೂಕ ಅಳೆದಾಗ 20 ನ್ಯೂಟ್ರಾನ್ ಆಸುಪಾಸಿನಲ್ಲಿ ಲೆಕ್ಕ ಕೂಡಿಬರಲಿಲ್ಲ. ಹತ್ತು ವರ್ಷದ ಬಳಿಕ, 1985ರಲ್ಲಿ, ಇಸಾವೊ ತನಿಹಾತಾ ಅವರ ತಂಡ ಅಮೆರಿಕದ ಬರ್ಕ್ಲಿಯಲ್ಲಿ ಲಿಥಿಯಂ-11ರ ಗಾತ್ರ ಅಳೆದು ಬೆರಗಾಯಿತು. 11 ಕಣಗಳಷ್ಟೇ ಇರುವ ಆ ನ್ಯೂಕ್ಲಿಯಸ್ ತನ್ನ ಅಕ್ಕಪಕ್ಕದವುಗಳಿಗಿಂತ ಎಷ್ಟೋ ದೊಡ್ಡದಾಗಿತ್ತು. ಅದರ ಕೊನೆಯ ಎರಡು ನ್ಯೂಟ್ರಾನ್‌ಗಳು ಒಳಗಿನ ತಿರುಳಿನಿಂದ ದೂರದಲ್ಲಿ ಪ್ರಭಾವಳಿಯ ಹಾಗೆ ಹರಡಿಕೊಂಡಿದ್ದವು.

ಇವನ್ನು ಮೊದಲೇ ಲೆಕ್ಕಹಾಕಿ ಹೇಳಲು ಯಾಕೆ ಆಗಲಿಲ್ಲ? ಗ್ರಹಗಳ ಚಲನೆಗೆ, ವಿದ್ಯುತ್ ಆಕರ್ಷಣೆಗೆ ಒಂದು ಸಾಲಿನ ಸೂತ್ರವಿದೆ. ಪ್ರೋಟಾನ್ ನ್ಯೂಟ್ರಾನ್‌ಗಳನ್ನು ಹಿಡಿದಿಡುವ ಬಲಕ್ಕೆ ಅಂಥದ್ದಿಲ್ಲ. ಅವುಗಳ ಒಳಗೆ ಕ್ವಾರ್ಕ್ ಎಂಬ ಇನ್ನೂ ಚಿಕ್ಕ ಕಣಗಳಿವೆ. ಕ್ವಾರ್ಕ್‌ಗಳ ನಡುವಿನ ಪ್ರಬಲ ಬಲದ ಶೇಷವೇ ಹೊರಗೆ ನ್ಯೂಕ್ಲಿಯರ್ ಬಲವಾಗಿ ಕಾಣಿಸುತ್ತದೆ. ಆ ಬಲ ಕಣಗಳ ದೂರದ ಮೇಲೆ, ಬುಗುರಿಯ ತಿರುಗಾಟವನ್ನು ಹೋಲುವ ಅವುಗಳ ಸ್ಪಿನ್ ಎಂಬ ಗುಣದ ದಿಕ್ಕಿನ ಮೇಲೆ, ಇನ್ನೂ ಹಲವು ಸಂಗತಿಗಳ ಮೇಲೆ ನಿಂತಿದೆ. ಸಾಲದ್ದಕ್ಕೆ, ಮೂರು ಕಣಗಳು ಹತ್ತಿರ ಬಂದಾಗ ಎರಡೆರಡರ ನಡುವಿನ ಬಲಗಳನ್ನು ಕೂಡಿಸಿದರೆ ಸಿಗದ ಹೆಚ್ಚಿನದೊಂದು ಬಲ ಹುಟ್ಟುತ್ತದೆ. ಆಮ್ಲಜನಕದ ಸರಣಿ 24ಕ್ಕೇ ನಿಂತುಹೋಗುವುದರಲ್ಲಿ ಈ ಮೂರು ಕಣಗಳ ಬಲಕ್ಕೆ ದೊಡ್ಡ ಪಾತ್ರವಿದೆ ಎಂದು ಈಗ ತಿಳಿದಿದೆ.

ಹೀಗಾಗಿ ಒಂದೊಂದು ಬಗೆಯ ನ್ಯೂಕ್ಲಿಯಸ್‌ಗೆ ಒಂದೊಂದು ಮಾದರಿ ಬಂತು. ಕೆಲವಕ್ಕೆ ಮೇಲೆ ಹೇಳಿದ ಸಾಲು ತುಂಬುವ ಲೆಕ್ಕದ ಶೆಲ್ ಮಾದರಿ. ಮೊಟ್ಟೆಯಾಕಾರಕ್ಕೆ ತಿರುಗಿ ಇಡಿಯಾಗಿ ಸುತ್ತುವವಕ್ಕೆ ಓಗೆ ಬೋರ್, ಬೆನ್ ಮೊಟೆಲ್ಸನ್ ಮತ್ತು ಜೇಮ್ಸ್ ರೇನ್‌ವಾಟರ್ ಅವರಿಗೆ 1975ರ ನೊಬೆಲ್ ತಂದುಕೊಟ್ಟ ಸಾಮೂಹಿಕ ಚಲನೆಯ ಮಾದರಿ. ಭಾರದವಕ್ಕೆ ಸಾಂದ್ರತೆಯನ್ನೇ ಆಧಾರವಾಗಿಟ್ಟ ಲೆಕ್ಕಗಳು. ಮೂಲ ಬಲದಿಂದಲೇ ಹೊರಟು ಒಂದೊಂದೇ ಕಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ದಾರಿ ಬಹುಕಾಲ ತೀರ ಹಗುರ ನ್ಯೂಕ್ಲಿಯಸ್‌ಗಳಿಗೆ ಸೀಮಿತವಾಗಿತ್ತು. 2022ರ ಹೊತ್ತಿಗೆ ಅದು 208 ಕಣಗಳ ಸೀಸದ ನ್ಯೂಕ್ಲಿಯಸ್‌ವರೆಗೆ ತಲುಪಿತು.

ಒಬ್ಬ ಸಂಶೋಧನಾ ವಿದ್ಯಾರ್ಥಿ ನಾಲ್ಕೈದು ವರ್ಷ ಇವುಗಳಲ್ಲಿ ಒಂದರ ಒಳಗೇ ಮುಳುಗಿರುತ್ತಾನೆ. ಪಕ್ಕದ ಮಾದರಿಯವರು ಅದೇ ನ್ಯೂಕ್ಲಿಯಸ್ ಬಗ್ಗೆ ಆಡುವ ಮಾತು ಅವನಿಗೆ ಅರ್ಥವಾಗದಿರಬಹುದು. ಪ್ರಯೋಗ ಮಾಡುವವರಿಗೂ ಲೆಕ್ಕ ಮಾಡುವವರಿಗೂ ನಡುವಿನ ಕಂದಕ ಇನ್ನೂ ದೊಡ್ಡದು. ವಾರ್ಷಿಕ ಶಾಲೆ ಹುಟ್ಟಿದ್ದು ಇಲ್ಲಿಂದ. ಒಂದು ವಿಶ್ವವಿದ್ಯಾಲಯದಲ್ಲಿ ಈ ವಿಷಯದ ಪಿಎಚ್‌ಡಿ ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟೇ ಇರುವುದರಿಂದ ಅವರಿಗಾಗಿ ಎಲ್ಲ ಶಾಖೆಗಳ ತರಗತಿ ನಡೆಸುವುದು ಯಾರಿಗೂ ಸಾಧ್ಯವಿಲ್ಲ. ದೇಶದ, ಖಂಡದ ವಿದ್ಯಾರ್ಥಿಗಳೆಲ್ಲ ಒಂದೆಡೆ ಸೇರಿದರೆ ಅದು ಆಗುತ್ತದೆ.

ಈ ಪದ್ಧತಿ ಬಂದ ಬಗೆ

1936-37ರಲ್ಲಿ ಭೌತವಿಜ್ಞಾನಿ ಹಾನ್ಸ್ ಬೆಥೆ, ರಾಬರ್ಟ್ ಬೇಕರ್ ಮತ್ತು ಸ್ಟ್ಯಾನ್ಲಿ ಲಿವಿಂಗ್‌ಸ್ಟನ್ ಜೊತೆಗೂಡಿ ಮೂರು ದೀರ್ಘ ಲೇಖನಗಳಲ್ಲಿ ಅಲ್ಲಿಯವರೆಗಿನ ನ್ಯೂಕ್ಲಿಯರ್ ಭೌತವಿಜ್ಞಾನವನ್ನೆಲ್ಲ ಹಿಡಿದಿಟ್ಟರು. ಒಂದು ಪೀಳಿಗೆ ಅವನ್ನು ‘ಬೆಥೆಯ ಬೈಬಲ್’ ಎಂದೇ ಕರೆಯಿತು. ಅದಾದ ಮೇಲೆ ವಿಷಯ ಎಷ್ಟು ಬೆಳೆಯಿತೆಂದರೆ ಮೂರು ಲೇಖನಕ್ಕಾಗಲಿ ಮೂವರು ಲೇಖಕರಿಗಾಗಲಿ ಅದು ದಕ್ಕುವ ಹಾಗಿರಲಿಲ್ಲ.

ಎರಡನೇ ಮಹಾಯುದ್ಧದಲ್ಲಿ ಯುರೋಪಿನ ವಿಜ್ಞಾನ ಬಹುಮಟ್ಟಿಗೆ ಕುಸಿದಿತ್ತು. ಫ್ರಾನ್ಸಿನ ಭೌತವಿಜ್ಞಾನಿ ಸೆಸಿಲ್ ಡೆವಿಟ್-ಮೊರೆಟ್ ಇನ್ನೂ 30 ತುಂಬುವ ಮೊದಲೇ, 1951ರಲ್ಲಿ, ಮಾಂಟ್ ಬ್ಲಾಂಕ್ ಬೆಟ್ಟದ ಬುಡದ ಲೆ ಉಶ್ ಎಂಬ ಹಳ್ಳಿಯಲ್ಲಿ ಬೇಸಿಗೆ ಶಾಲೆ ತೆರೆದರು. ಎರಡು ವರ್ಷದ ಬಳಿಕ ಇಟಲಿಯ ಕೋಮೊ ಸರೋವರದ ದಂಡೆಯ ವಾರೆನ್ನಾದಲ್ಲಿ ಇನ್ನೊಂದು ಶಾಲೆ ಶುರುವಾಯಿತು. 1954ರ ಬೇಸಿಗೆಯಲ್ಲಿ ಹೆಸರಾಂತ ನ್ಯೂಕ್ಲಿಯರ್ ಭೌತವಿಜ್ಞಾನಿ ಎನ್ರಿಕೊ ಫರ್ಮಿ ಎರಡೂ ಕಡೆ ಪಾಠ ಮಾಡಿದರು. ಅದೇ ನವೆಂಬರಿನಲ್ಲಿ ಅವರು ತೀರಿಕೊಂಡರು. ವಾರೆನ್ನಾದ ಶಾಲೆಗೆ ಈಗ ಅವರದೇ ಹೆಸರು. ಇವೆರಡೂ ಭೌತವಿಜ್ಞಾನದ ಎಲ್ಲ ಶಾಖೆಗಳಿಗೂ ತೆರೆದಿದ್ದ ಶಾಲೆಗಳು. ಆದರೆ ದಿನಗಟ್ಟಲೆ ಒಂದೇ ಕಡೆ ಉಳಿದು, ಒಬ್ಬ ಪರಿಣತರಿಂದ ಸರಣಿ ಪಾಠ ಕೇಳಿ, ಊಟದ ಹೊತ್ತಿನಲ್ಲೂ ಚರ್ಚಿಸುವ ಮಾದರಿ ಬೆಳೆದದ್ದು ಇಂಥ ಕಡೆ.

ನ್ಯೂಕ್ಲಿಯರ್ ಭೌತವಿಜ್ಞಾನಕ್ಕೇ ಮೀಸಲಾದವು ಆಮೇಲೆ ಬಂದವು. ಫ್ರಾನ್ಸಿನ ಜೋಲಿಯೊ-ಕ್ಯೂರಿ ಶಾಲೆ 1982ರಿಂದ ನಡೆಯುತ್ತಿದೆ. ವರ್ಷಕ್ಕೊಂದು ವಿಷಯವನ್ನು ಆರಿಸಿಕೊಂಡು ವಾರವಿಡೀ ಅದನ್ನೇ ಕಲಿಸುವುದು ಅಲ್ಲಿನ ಕ್ರಮ. ಹೆಸರು ಕೊಟ್ಟ ಐರಿನ್ ಮತ್ತು ಫ್ರೆಡರಿಕ್ ಜೋಲಿಯೊ-ಕ್ಯೂರಿ ದಂಪತಿ 1934ರಲ್ಲಿ ಅಲ್ಯೂಮಿನಿಯಂ ಹಾಳೆಗೆ ಆಲ್ಫಾ ಕಣ ಹೊಡೆಸಿ, ನಿಸರ್ಗದಲ್ಲಿ ಸಿಗದ ವಿಕಿರಣಶೀಲ ರಂಜಕವನ್ನು ತಯಾರಿಸಿದ್ದರು. ಇವತ್ತು ಅಪರೂಪದ ನ್ಯೂಕ್ಲಿಯಸ್ ತಯಾರಿಸುವ ಎಲ್ಲರೂ ಒಂದರ್ಥದಲ್ಲಿ ಆ ಪ್ರಯೋಗವನ್ನೇ ಮುಂದುವರಿಸುತ್ತಿದ್ದಾರೆ.

ಅಮೆರಿಕದ ಜೆಫರ್ಸನ್ ಪ್ರಯೋಗಾಲಯದಲ್ಲಿ 1980ರ ದಶಕದಿಂದ ಹ್ಯಾಂಪ್ಟನ್ ವಿಶ್ವವಿದ್ಯಾಲಯ ನಡೆಸುವ ಬೇಸಿಗೆ ಶಾಲೆಯ ಒತ್ತು ಪ್ರೋಟಾನ್ ಒಳಗಿನ ಕ್ವಾರ್ಕ್‌ಗಳ ಮೇಲೆ. ಯುರೋಪಿನಲ್ಲಿ 1993ರಲ್ಲಿ ಶುರುವಾದ ಯೂರೋಸ್ಕೂಲ್‌ನ ಒತ್ತು ಅಲ್ಪಾಯುಷಿ ನ್ಯೂಕ್ಲಿಯಸ್‌ಗಳ ಮೇಲೆ. ಅದು ಬೇರೆಬೇರೆ ದೇಶಗಳಲ್ಲಿ ನಡೆಯುತ್ತದೆ. ಲೆಕ್ಕದ ಕಡೆಯವರಿಗಾಗಿಯೇ ‘ಟ್ಯಾಲೆಂಟ್’ ಹೆಸರಿನಲ್ಲಿ ಮೂರು ವಾರಗಳ ಕೋರ್ಸುಗಳು ನಡೆಯುತ್ತವೆ.

ಶಾಲೆಯ ಒಂದು ದಿನ

ಬೆಳಿಗ್ಗೆ ಉಪನ್ಯಾಸಗಳು. ಒಂದು ಗಂಟೆಯ ಒಂದು ಭಾಷಣ ಮುಗಿಸಿ ಹೋಗುವ ಸಮ್ಮೇಳನದಂತೆ ಇದು ಅಲ್ಲ. ಒಬ್ಬರೇ ಅಧ್ಯಾಪಕರು ಒಂದೇ ವಿಷಯವನ್ನು ಮೂರೋ ನಾಲ್ಕೋ ಅವಧಿ ತೆಗೆದುಕೊಂಡು ಬುಡದಿಂದ ಕಟ್ಟುತ್ತಾರೆ. ಸಮ್ಮೇಳನದಲ್ಲಿ ಮಾತಾಡುವವರು ತಮ್ಮ ಹೊಸ ಫಲಿತಾಂಶ ಹೇಳಲು ಬಂದಿರುತ್ತಾರೆ. ಎದುರಿಗಿರುವವರಿಗೆ ಹಿನ್ನೆಲೆ ಗೊತ್ತಿದೆ ಎಂದೇ ಇಟ್ಟುಕೊಂಡಿರುತ್ತಾರೆ. ಇಲ್ಲಿ ಹಾಗೆ ಇಟ್ಟುಕೊಳ್ಳುವಂತಿಲ್ಲ. ತೀರ ಪ್ರಾಥಮಿಕ ಅನಿಸುವ ಪ್ರಶ್ನೆ ಕೇಳಲು ಸಮ್ಮೇಳನದಲ್ಲಿ ಹಿಂಜರಿಯುವ ವಿದ್ಯಾರ್ಥಿ ಇಲ್ಲಿ ಕೈ ಎತ್ತುತ್ತಾನೆ. ಅವನಿಗಿರುವ ಅನುಮಾನ ಪಕ್ಕದಲ್ಲಿ ಕೂತವಳಿಗೂ ಇರುತ್ತದೆ.

ಮಧ್ಯಾಹ್ನ ಅಭ್ಯಾಸದ ಅವಧಿ. ಗುಂಪು ಗುಂಪಾಗಿ ಲೆಕ್ಕ ಬಿಡಿಸುವುದು, ಕಂಪ್ಯೂಟರ್ ಪ್ರೋಗ್ರಾಂ ಓಡಿಸುವುದು, ಸಲಕರಣೆ ಇದ್ದ ಕಡೆ ಅಳತೆ ಮಾಡುವುದು. ಸಂಜೆ ವಿದ್ಯಾರ್ಥಿಗಳೇ ತಮ್ಮ ಪಿಎಚ್‌ಡಿ ಕೆಲಸವನ್ನು ಚುಟುಕಾಗಿ ಹೇಳುತ್ತಾರೆ, ಇಲ್ಲವೇ ಪೋಸ್ಟರ್ ಅಂಟಿಸಿ ಅದರ ಮುಂದೆ ನಿಲ್ಲುತ್ತಾರೆ. ತನ್ನ ವಿಷಯದವರಲ್ಲದ, ಆದರೆ ಪೂರಾ ಹೊರಗಿನವರೂ ಅಲ್ಲದ ಜನರಿಗೆ ಸ್ವಂತ ಕೆಲಸ ವಿವರಿಸುವುದು ಕಷ್ಟದ ಕೆಲಸ. ತಮ್ಮ ತಂಡದೊಳಗೆ ಯಾರೂ ಕೇಳದ ಪ್ರಶ್ನೆ ಆಗ ಎದುರಾಗುತ್ತದೆ.

ಪ್ರಶ್ನೆಯ ಬೆಲೆ ಎಂಥದ್ದು ಎಂಬುದಕ್ಕೆ ಈ ಕ್ಷೇತ್ರದ ಚರಿತ್ರೆಯಲ್ಲೇ ಸಾಕ್ಷಿಯಿದೆ. ಮಾಂತ್ರಿಕ ಸಂಖ್ಯೆಗಳನ್ನು ವಿವರಿಸಲು ಗೆಪರ್ಟ್ ಮೇಯರ್ ಒದ್ದಾಡುತ್ತಿದ್ದಾಗ, ಕಣದ ಸ್ಪಿನ್‌ಗೂ ಅದರ ಸುತ್ತಾಟಕ್ಕೂ ನಂಟಿರುವ ಸುಳಿವೇನಾದರೂ ಇದೆಯೇ ಎಂದು ಫರ್ಮಿ ಕೇಳಿದ್ದರು. ಉಳಿದದ್ದೆಲ್ಲ ಆ ನಂಟಿನಿಂದ ಬಿಡಿಸಿಕೊಂಡಿತು. ತಮ್ಮ ಪ್ರಬಂಧಕ್ಕೆ ಮೂಲ ಆ ಒಂದು ಪ್ರಶ್ನೆಯೇ ಎಂದು ಮೇಯರ್ 1949ರಲ್ಲಿ ಬರೆದು, ಕೃತಜ್ಞತೆ ಹೇಳಿದ್ದಾರೆ. ಉಪನ್ಯಾಸದ ವಿಡಿಯೊ ಮನೆಯಲ್ಲೇ ನೋಡಬಹುದಲ್ಲ, ಅಷ್ಟು ದೂರ ಯಾಕೆ ಹೋಗಬೇಕು ಎಂದು ಕೇಳುವವರಿಗೆ ನಾನು ಈ ಸಂಗತಿಯನ್ನೇ ಮುಂದಿಡುತ್ತೇನೆ. ವಿಡಿಯೊ ನಮ್ಮನ್ನು ತಿರುಗಿ ಪ್ರಶ್ನೆ ಕೇಳುವುದಿಲ್ಲ.

ಕೈಯಾರೆ ಅಳೆದಾಗ ತಿಳಿಯುವುದು

ಅಭ್ಯಾಸದ ಅವಧಿಯ ಒಂದು ಸಾಮಾನ್ಯ ಪ್ರಯೋಗವನ್ನು ಹತ್ತಿರದಿಂದ ನೋಡೋಣ. ಮೇಜಿನ ಮೇಲೆ ವಿಕಿರಣಶೀಲ ಸೀಸಿಯಂ-137ರ ಪುಟ್ಟ ಬಿಲ್ಲೆ. ಎದುರಿಗೆ ಒಳಬಂದ ಕಿರಣದ ಶಕ್ತಿ ಅಳೆಯುವ ಜರ್ಮೇನಿಯಂ ಡಿಟೆಕ್ಟರ್. ಅದು ಕೋಣೆಯ ಬಿಸಿಯಲ್ಲಿ ಕೆಲಸ ಮಾಡುವುದಿಲ್ಲ. ಅದಕ್ಕೆ ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ನೈಟ್ರೋಜನ್‌ನ ತಂಪು ಕೊಟ್ಟಿರುತ್ತಾರೆ. ಬಿಲ್ಲೆಯಿಂದ ಹೊರಡುವ ಗಾಮಾ ಕಿರಣಕ್ಕೆ ಗೊತ್ತಾದ ಒಂದೇ ಶಕ್ತಿ: 662 ಕಿಲೋ ಎಲೆಕ್ಟ್ರಾನ್ ವೋಲ್ಟ್ (ಇಂಥ ಕಿರಣಗಳ ಶಕ್ತಿ ಅಳೆಯುವ ಮಾನ). ಹಾಗಾದರೆ ಕಂಪ್ಯೂಟರ್ ಪರದೆಯಲ್ಲಿ 662ರ ಜಾಗದಲ್ಲಿ ಒಂದೇ ಒಂದು ಚೂಪು ಶಿಖರ ಕಾಣಬೇಕು, ಉಳಿದೆಡೆ ಖಾಲಿ ಇರಬೇಕು.

ಶಿಖರವೇನೋ ಕಾಣುತ್ತದೆ. ಆದರೆ ಅದರ ಎಡಕ್ಕೆ, ಸುಮಾರು 477ರಿಂದ ಕೆಳಗೆ, ಉದ್ದಕ್ಕೂ ಒಂದು ದಿಣ್ಣೆಯೂ ಎದ್ದಿರುತ್ತದೆ. 184ರ ಹತ್ತಿರ ಇನ್ನೊಂದು ಸಣ್ಣ ಉಬ್ಬು. ಬಿಲ್ಲೆಯಿಂದ ಬಾರದ ಶಕ್ತಿ ಎಲ್ಲಿಂದ ಬಂತು?

ಗಾಮಾ ಕಿರಣ ಡಿಟೆಕ್ಟರ್‌ನೊಳಗೆ ಒಂದು ಎಲೆಕ್ಟ್ರಾನ್‌ಗೆ ಬಡಿದು, ಶಕ್ತಿಯ ಒಂದು ಪಾಲನ್ನಷ್ಟೇ ಅಲ್ಲಿ ಬಿಟ್ಟು, ಉಳಿದದ್ದನ್ನು ಹೊತ್ತು ಹೊರಗೆ ಹೋಗಬಹುದು. ಒಂದು ಡಿಕ್ಕಿಯಲ್ಲಿ ಅದು ಬಿಟ್ಟುಕೊಡಬಹುದಾದ ಗರಿಷ್ಠ ಶಕ್ತಿ 477. ಅದಕ್ಕೇ ದಿಣ್ಣೆ ಅಲ್ಲಿಗೆ ನಿಲ್ಲುತ್ತದೆ. ಇನ್ನು ಮೊದಲು ಹಿಂದಿನ ಗೋಡೆಗೋ ಮೇಜಿಗೋ ಬಡಿದು, 477ರಷ್ಟು ಅಲ್ಲಿ ಕಳೆದುಕೊಂಡು ವಾಪಸು ಬಂದ ಕಿರಣದಲ್ಲಿ ಉಳಿಯುವುದು 184ರ ಆಸುಪಾಸು. ಸಣ್ಣ ಉಬ್ಬಿನ ಕಾರಣ ಅದೇ. ಎರಡನ್ನೂ ಕೂಡಿಸಿದರೆ ಹೆಚ್ಚುಕಡಿಮೆ 662 ಆಗುವುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಮಾಡಿ ಕಂಡುಕೊಳ್ಳುತ್ತಾರೆ.

ಆಮೇಲೆ ಕೋಬಾಲ್ಟ್-60ರ ಸರದಿ. ಅದರಿಂದ ಒಂದರ ಬೆನ್ನಿಗೆ ಒಂದು ಎರಡು ಗಾಮಾ ಕಿರಣಗಳು ಬರುತ್ತವೆ: 1173 ಮತ್ತು 1332. ಬಿಲ್ಲೆಯನ್ನು ಡಿಟೆಕ್ಟರ್‌ಗೆ ತೀರ ಹತ್ತಿರ ಇಟ್ಟರೆ 2505ರಲ್ಲಿ ಮೂರನೇ ಶಿಖರವೊಂದು ಏಳುತ್ತದೆ. ಎರಡು ಕಿರಣಗಳೂ ಒಟ್ಟಿಗೇ ಒಳಗೆ ಬಂದಾಗ ಡಿಟೆಕ್ಟರ್ ಅವನ್ನು ಒಂದೇ ಎಂದು ದಾಖಲಿಸುವುದರಿಂದ ಹೀಗೆ. ಬಿಲ್ಲೆಯನ್ನು ದೂರ ಸರಿಸುತ್ತ ಹೋದರೆ ಮೂರನೆಯ ಶಿಖರ ಉಳಿದೆರಡಕ್ಕಿಂತ ಬೇಗ ಕುಗ್ಗುತ್ತದೆ. ಕಂಡ ಶಿಖರವೆಲ್ಲ ನ್ಯೂಕ್ಲಿಯಸ್‌ನಿಂದ ಬಂದದ್ದಲ್ಲ, ಕೆಲವು ನಮ್ಮ ಸಲಕರಣೆಯವು ಎಂಬುದು ಕಣ್ಣೆದುರೇ ಗೊತ್ತಾಗುತ್ತದೆ. ಲೆಕ್ಕದ ಕಡೆಯ ವಿದ್ಯಾರ್ಥಿಗೆ ಇದು ಬಹಳ ಮುಖ್ಯ. ಅವನು ತನ್ನ ಲೆಕ್ಕವನ್ನು ಹೋಲಿಸಿ ನೋಡುವ ಪ್ರಕಟಿತ ಅಂಕಿಯ ಹಿಂದೆ ಇಂಥ ಎಷ್ಟು ತಿದ್ದುಪಡಿ ಇವೆ ಎಂಬುದು ಒಮ್ಮೆ ಕೈಯಾರೆ ಮಾಡಿದ ಮೇಲೆ ಮರೆಯುವುದಿಲ್ಲ.

ಮಿಲಿಸೆಕೆಂಡಿನಲ್ಲಿ ಮಾಯವಾಗುವುದನ್ನು ಅಳೆಯುವುದು ಹೇಗೆ?

ಇಂಥ ಶಾಲೆಗಳಲ್ಲಿ ತಪ್ಪದೆ ಬರುವ ಇನ್ನೊಂದು ಪಾಠ ಅಪರೂಪದ ನ್ಯೂಕ್ಲಿಯಸ್‌ಗಳನ್ನು ತಯಾರಿಸುವ ವಿಧಾನ. ಲಿಥಿಯಂ-11ರ ಅರ್ಧಾಯುಷ್ಯ 9 ಮಿಲಿಸೆಕೆಂಡಿನಷ್ಟು. ಎಂದರೆ ಅಷ್ಟು ಹೊತ್ತಿನಲ್ಲಿ ಇದ್ದವುಗಳಲ್ಲಿ ಅರ್ಧ ಉಳಿದಿರುವುದಿಲ್ಲ. ಶೀಶೆಯಲ್ಲಿ ಕೂಡಿಟ್ಟು ಆಮೇಲೆ ನೋಡುವ ಹಾಗಿಲ್ಲ. ತಯಾರಿಸಿದ ಕಡೆಯೇ, ತಯಾರಾದ ಗಳಿಗೆಯಲ್ಲೇ ಅಳೆಯಬೇಕು.

ಅದಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ. ಸೆರ್ನ್‌ನಲ್ಲಿ 1967ರಿಂದ ಇರುವ ಐಸೋಲ್ಡೆ ಕೇಂದ್ರದ್ದು ಮೊದಲನೆಯದು. ಯುರೇನಿಯಂ ಕಾರ್ಬೈಡ್‌ನಂಥ ದಪ್ಪ ಗುರಿಗೆ ವೇಗದ ಪ್ರೋಟಾನ್ ಹೊಡೆಸುತ್ತಾರೆ. ಯುರೇನಿಯಂ ಒಡೆದು ನೂರಾರು ಬಗೆಯ ನ್ಯೂಕ್ಲಿಯಸ್ ಹುಟ್ಟುತ್ತವೆ. ಗುರಿಯನ್ನು ಸುಮಾರು 2,000 ಡಿಗ್ರಿವರೆಗೆ ಕಾಯಿಸಿದಾಗ ಅವು ನಿಧಾನವಾಗಿ ಹೊರಗೆ ಬರುತ್ತವೆ. ಬೇಕಾದ ಧಾತುವನ್ನು ಲೇಸರ್‌ನಿಂದ ಆರಿಸಿ, ಕಾಂತಕ್ಷೇತ್ರದಲ್ಲಿ ತೂಕಕ್ಕೆ ತಕ್ಕಂತೆ ಬೇರ್ಪಡಿಸುತ್ತಾರೆ. ಶುದ್ಧವಾದ, ತಿದ್ದಿ ತೀಡಿದ ಕಿರಣಪುಂಜ ಸಿಗುತ್ತದೆ. ಆದರೆ ಹೊರಬರುವಷ್ಟರಲ್ಲಿ ಕ್ಷಯಿಸುವವು ಕೈಗೆ ಸಿಗುವುದಿಲ್ಲ, ಎಷ್ಟು ಕಾಯಿಸಿದರೂ ಆವಿಯಾಗದ ಧಾತುಗಳು ಹೊರಬರುವುದೇ ಇಲ್ಲ.

ಎರಡನೆಯದರಲ್ಲಿ ಭಾರದ ನ್ಯೂಕ್ಲಿಯಸ್ಸನ್ನೇ ಬೆಳಕಿನ ಅರ್ಧದಷ್ಟೋ ಅದಕ್ಕೂ ಹೆಚ್ಚೋ ವೇಗಕ್ಕೆ ಏರಿಸಿ ತೆಳುವಾದ ಗುರಿಯ ಮೂಲಕ ಹಾಯಿಸುತ್ತಾರೆ. ಒಡೆದ ಚೂರುಗಳು ಅದೇ ವೇಗದಲ್ಲಿ ಮುಂದೆ ಹೋಗುತ್ತವೆ. ಕಾಂತಗಳ ಸಾಲು ಅವನ್ನು ಹಾದಿಯಲ್ಲೇ ವಿಂಗಡಿಸುತ್ತದೆ. ಒಟ್ಟು ಪಯಣಕ್ಕೆ ಹಿಡಿಯುವುದು ಮೈಕ್ರೋಸೆಕೆಂಡಿನ ಲೆಕ್ಕದ ಹೊತ್ತು. ಜಪಾನಿನ ರಿಕೆನ್, 2022ರಲ್ಲಿ ಕೆಲಸ ಆರಂಭಿಸಿದ ಅಮೆರಿಕದ ಮಿಶಿಗನ್‌ನ ಎಫ್‌ರಿಬ್, ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಕಟ್ಟುತ್ತಿರುವ ಫೇರ್ ಕೇಂದ್ರಗಳು ಇದೇ ದಾರಿಯವು.

ಆಕ್ಸಿಜನ್-28 ಸಿಕ್ಕಿದ್ದೂ ಹೀಗೆಯೇ. ಮೊದಲು ಕ್ಯಾಲ್ಸಿಯಂ-48ನ್ನು ಬೆರಿಲಿಯಂಗೆ ಹೊಡೆಸಿ, ಬಂದ ಚೂರುಗಳಲ್ಲಿ ಫ್ಲೋರಿನ್-29ನ್ನು ಆರಿಸಿಕೊಂಡರು. ಅದನ್ನು ದ್ರವ ಹೈಡ್ರೋಜನ್‌ಗೆ ಬಡಿಸಿ ಒಂದು ಪ್ರೋಟಾನ್ ಕಿತ್ತಾಗ ಉಳಿದದ್ದು 8 ಪ್ರೋಟಾನ್, 20 ನ್ಯೂಟ್ರಾನ್. ಅದನ್ನೇ ನೇರವಾಗಿ ಯಾರೂ ನೋಡಲಿಲ್ಲ. ಮುಂದೆ ಹಾರಿಬಂದ ಆಕ್ಸಿಜನ್-24ನ್ನೂ ನಾಲ್ಕೂ ನ್ಯೂಟ್ರಾನ್‌ಗಳನ್ನೂ ಒಟ್ಟಿಗೆ ಹಿಡಿದು, ಅವುಗಳ ಶಕ್ತಿಯಿಂದ ಹಿಂದಕ್ಕೆ ಲೆಕ್ಕ ಹಾಕಿದರು. ವಿದ್ಯುದಾವೇಶವಿಲ್ಲದ ನ್ಯೂಟ್ರಾನ್ ಒಂದನ್ನು ಹಿಡಿಯುವುದೇ ಕಷ್ಟ, ನಾಲ್ಕನ್ನು ಒಂದೇ ಗಳಿಗೆಯಲ್ಲಿ ಹಿಡಿಯುವುದು ಸಾಹಸವೇ ಸರಿ. ವೇಗವರ್ಧಕ ಗೊತ್ತಿರುವವರು, ಗುರಿ ತಯಾರಿಸುವವರು, ಡಿಟೆಕ್ಟರ್ ಕಟ್ಟುವವರು, ದತ್ತಾಂಶ ಜಾಲಾಡುವವರು, ಸಿದ್ಧಾಂತಿಗಳು ಎಲ್ಲರೂ ಸೇರಿದರೆ ಮಾತ್ರ ಇಂಥ ಕೆಲಸ ಆಗುತ್ತದೆ. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂರುವವರು ಮುಂದೆ ಹಿಡಿಯುವ ಕೆಲಸಗಳೂ ಇವೇ.

ಲೆಕ್ಕದ ತರಗತಿ

ಸಿದ್ಧಾಂತದ ಪಾಠಗಳಲ್ಲಿ ಈಚೆಗೆ ಬಂದಿರುವ ಒಂದು ಬದಲಾವಣೆ ಹೇಳಲೇಬೇಕು. ಹಿಂದೆ ಮಾದರಿಯೊಂದು ಅಂಕಿ ಕೊಟ್ಟರೆ, ಅದು ಪ್ರಯೋಗಕ್ಕೆ ಹತ್ತಿರ ಬಂದರೆ ಸಾಕಿತ್ತು. ಈಗ ಆ ಅಂಕಿಯ ಜೊತೆಗೆ ಅದರಲ್ಲಿ ಎಷ್ಟು ತಪ್ಪಿರಬಹುದು ಎಂಬುದನ್ನೂ ಹೇಳಬೇಕು ಎಂಬ ಒತ್ತಾಯ ಬಂದಿದೆ. ಅಳೆಯಲು ಸಾಧ್ಯವೇ ಇಲ್ಲದ ನ್ಯೂಕ್ಲಿಯಸ್ ಬಗ್ಗೆ ಇಬ್ಬರು ಸಿದ್ಧಾಂತಿಗಳು ಬೇರೆಬೇರೆ ಉತ್ತರ ಕೊಟ್ಟರೆ ಯಾರನ್ನು, ಎಷ್ಟು ನಂಬಬೇಕು ಎಂಬುದು ಇದಿಲ್ಲದೆ ತೀರ್ಮಾನವಾಗುವುದಿಲ್ಲ. ಹಾಗಾಗಿ ಸಂಭವನೀಯತೆಯ ಗಣಿತ, ದತ್ತಾಂಶದಿಂದ ಕಂಪ್ಯೂಟರ್ ತಾನೇ ಕಲಿಯುವ ವಿಧಾನಗಳು ಈಗ ಪಾಠಪಟ್ಟಿಯಲ್ಲಿ ಕಾಣುತ್ತಿವೆ.

ಇದರ ಅಗತ್ಯ ಹೆಚ್ಚು ಕಾಣುವುದು ನಕ್ಷತ್ರಗಳ ವಿಷಯದಲ್ಲಿ. ಚಿನ್ನ, ಪ್ಲಾಟಿನಂ, ಯುರೇನಿಯಂನಂಥ ಭಾರದ ಧಾತುಗಳು ಹುಟ್ಟಲು ನ್ಯೂಟ್ರಾನ್‌ಗಳ ಮಹಾಪೂರ ಬೇಕು. ಅಂಥ ಒಂದು ಜಾಗ ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿ ಎಂಬುದಕ್ಕೆ 2017ರ ಆಗಸ್ಟ್ 17ರಂದು ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದ ಘಟನೆಯೊಂದರಿಂದ ಬಂದ ಗುರುತ್ವ ಅಲೆ ಮತ್ತು ಬೆಳಕು ಸಾಕ್ಷಿ ಕೊಟ್ಟವು. ಆ ಡಿಕ್ಕಿಯಲ್ಲಿ ಯಾವ ಧಾತು ಎಷ್ಟು ಹುಟ್ಟಿತು ಎಂದು ಲೆಕ್ಕ ಮಾಡಲು ಸಾವಿರಾರು ನ್ಯೂಕ್ಲಿಯಸ್‌ಗಳ ತೂಕ, ಅರ್ಧಾಯುಷ್ಯ ಬೇಕು. ಅವುಗಳಲ್ಲಿ ಬಹುಪಾಲನ್ನು ಇನ್ನೂ ಅಳೆದಿಲ್ಲ. ಸಿದ್ಧಾಂತ ಹೇಳಿದ್ದನ್ನೇ ನೆಚ್ಚಿಕೊಳ್ಳಬೇಕು.

ಹೊರಗಿನವರಿಗೆ ಇದರಿಂದೇನು?

ಕಲಿತವರೆಲ್ಲ ಸಂಶೋಧನೆಯಲ್ಲೇ ಉಳಿಯುವುದಿಲ್ಲ. ಗಾಮಾ ಕಿರಣ ಅಳೆಯಲು ಕಲಿತ ಕೈ ಆಸ್ಪತ್ರೆಗೂ ಬೇಕು. ಕ್ಯಾನ್ಸರ್ ಪತ್ತೆಗೆ ಪೆಟ್ ಸ್ಕ್ಯಾನ್‌ನಲ್ಲಿ ಬಳಸುವ ಫ್ಲೋರಿನ್-18ರ ಅರ್ಧಾಯುಷ್ಯ 110 ನಿಮಿಷ. ಹೃದಯ, ಮೂಳೆ ಪರೀಕ್ಷೆಗಳಿಗೆ ಹೆಚ್ಚಾಗಿ ಬಳಸುವ ಟೆಕ್ನೀಷಿಯಂ-99m ಎಂಬುದರ ಅರ್ಧಾಯುಷ್ಯ 6 ಗಂಟೆ. ದೇಹದೊಳಗಿನ ಗಂತಿಯ ಬಳಿಗೇ ಹೋಗಿ ವಿಕಿರಣ ಕೊಡುವ ಲುಟೀಷಿಯಂ-177, ಆಕ್ಟಿನಿಯಂ-225ರಂಥವುಗಳಿಗೆ ಈಗ ಬೇಡಿಕೆ ಏರುತ್ತಿದೆ. ಇವನ್ನು ತಯಾರಿಸುವುದು, ಶುದ್ಧಗೊಳಿಸುವುದು, ರೋಗಿಗೆ ಎಷ್ಟು ಪ್ರಮಾಣ ಎಂದು ಲೆಕ್ಕ ಹಾಕುವುದು ಎಲ್ಲಕ್ಕೂ ನ್ಯೂಕ್ಲಿಯರ್ ಭೌತವಿಜ್ಞಾನ ಬಲ್ಲವರು ಬೇಕು. ವಿದ್ಯುತ್ ಸ್ಥಾವರಗಳ ಸುರಕ್ಷತೆ, ಗಡಿಗಳಲ್ಲಿ ವಿಕಿರಣಶೀಲ ವಸ್ತುಗಳ ತಪಾಸಣೆ ಕೂಡ ಇದೇ ತರಬೇತಿಯನ್ನು ಬೇಡುತ್ತವೆ.

ಯಾರು ಸೇರಬಹುದು?

ಮುಖ್ಯವಾಗಿ ಪಿಎಚ್‌ಡಿ ಮಾಡುತ್ತಿರುವವರು, ಈಚೆಗೆ ಮುಗಿಸಿದವರು. ಕೆಲವು ಶಾಲೆಗಳು ಸ್ನಾತಕೋತ್ತರ ವಿದ್ಯಾರ್ಥಿಗಳನ್ನೂ, ಹೊಸ ವಿಷಯಕ್ಕೆ ಹೊರಳುವ ಹಿರಿಯ ಸಂಶೋಧಕರನ್ನೂ ಸೇರಿಸಿಕೊಳ್ಳುತ್ತವೆ. ಅರ್ಜಿಯಲ್ಲಿ ಸಾಮಾನ್ಯವಾಗಿ ಕೇಳುವುದು ಸ್ವವಿವರ, ಮಾರ್ಗದರ್ಶಕರ ಪತ್ರ, ಮಾಡುತ್ತಿರುವ ಕೆಲಸದ ಕಿರು ಟಿಪ್ಪಣಿ. ಖರ್ಚಿನಲ್ಲಿ ಒಂದು ಪಾಲನ್ನು ಸಂಶೋಧನಾ ಸಂಸ್ಥೆಗಳೂ ಸರ್ಕಾರಿ ಅನುದಾನವೂ ಭರಿಸುವುದು ರೂಢಿ. ಪಾಠ ಮಾಡುವವರಲ್ಲಿ ಹೆಚ್ಚಿನವರು ಸಂಭಾವನೆಯ ಆಸೆಗೆ ಬರುವವರಲ್ಲ. ಟಿಪ್ಪಣಿ ತಯಾರಿಸಲು ಅವರಿಗೆ ಹಿಡಿಯುವ ಸಮಯವೇ ದೊಡ್ಡ ಕೊಡುಗೆ.

ಆ ಟಿಪ್ಪಣಿಗಳು ಶಾಲೆ ಮುಗಿದ ಮೇಲೂ ಉಳಿಯುತ್ತವೆ. ಯೂರೋಸ್ಕೂಲ್‌ನ ಉಪನ್ಯಾಸಗಳು 2004ರಿಂದ ಸಂಪುಟಗಳಾಗಿ ಬಂದಿವೆ, ಅಂತರ್ಜಾಲದಲ್ಲೂ ಓದಲು ಸಿಗುತ್ತವೆ. ಜೋಲಿಯೊ-ಕ್ಯೂರಿ ಶಾಲೆಯ ಹಳೆಯ ಪಾಠಗಳನ್ನು ಫ್ರಾನ್ಸಿನ ಮುಕ್ತ ಸಂಗ್ರಹದಲ್ಲಿ ಇಟ್ಟಿದ್ದಾರೆ. ಅವುಗಳಲ್ಲಿ ಹಲವು ಫ್ರೆಂಚ್‌ನಲ್ಲಿವೆ. ಶಾಲೆಗೆ ಹೋಗಲು ಅವಕಾಶ ಸಿಗದ ವಿದ್ಯಾರ್ಥಿ ಪ್ರಬಂಧಗಳಿಗೆ ಕೈಹಾಕುವ ಮೊದಲು ಇವುಗಳಿಂದ ಶುರುಮಾಡಬಹುದು. ಪ್ರಬಂಧಗಳು ಬಿಟ್ಟು ಹೋಗುವ ಮೆಟ್ಟಿಲುಗಳನ್ನು ಇಲ್ಲಿ ಒಂದೊಂದಾಗಿ ಬರೆದಿರುತ್ತಾರೆ, ಕೊನೆಯಲ್ಲಿ ಬಿಡಿಸಿ ನೋಡಲು ಲೆಕ್ಕಗಳೂ ಇರುವುದುಂಟು.